ಮಾತು ಮುಗಿಯುವ ತುದಿ

ಕಿವಿಗೆ ಬಿದ್ದ ಮಾತನ್ನು ಅಲ್ಲಿಗೇ ಮುಗಿಸುವವರನ್ನು ನಾವು ದೊಡ್ಡವರೆನ್ನುತ್ತೇವೆ. ಹೆಣ್ಣುಮಕ್ಕಳಿಗಂತೂ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಆದರೆ ಇದು ಎಲ್ಲ ಕಾಲಕ್ಕೂ ಗುಣವೇ?

ನನಗೆ ಈ ಪ್ರಶ್ನೆಯನ್ನು ಬಿಡಿಸಿ ತೋರಿಸಿದ್ದು ಕಂಪ್ಯೂಟರಿನೊಳಗಿನ ಒಂದು ಸಣ್ಣ ಚಿಪ್. ಹಿಂದೆ ಡಿಸ್ಕು, ಸ್ಕ್ಯಾನರುಗಳನ್ನು ಅಗಲವಾದ ಒಂದೇ ಕೇಬಲ್ಲಿಗೆ ಸಾಲಾಗಿ ಜೋಡಿಸುತ್ತಿದ್ದರು. ಸ್ಕಸಿ ಎಂದು ಅದರ ಹೆಸರು. 1986ರಲ್ಲಿ ಅದಕ್ಕೊಂದು ಮಾನಕ ಬಂತು. ಎಂಟು ಬಿಟ್ಟುಗಳು ಎಂಟು ತಂತಿಗಳಲ್ಲಿ ಒಟ್ಟಿಗೇ ಓಡುತ್ತವೆ. ತುದಿಯಲ್ಲಿ ತೆಗೆದುಕೊಳ್ಳುವವರಿಲ್ಲದಿದ್ದರೆ ಸಂಕೇತ ಹಿಂದಕ್ಕೆ ಪುಟಿದು, ಬೆನ್ನಿಗೆ ಬರುತ್ತಿರುವುದರ ಮೇಲೆ ಬಿದ್ದು ಅದನ್ನು ಕೆಡಿಸುತ್ತದೆ. ಬಾವಿಹಗ್ಗವನ್ನು ಕಂಬಕ್ಕೆ ಬಿಗಿದು ಜಾಡಿಸಿದರೆ ಅಲೆ ತಲೆಕೆಳಗಾಗಿ ಹಿಂದಿರುಗುತ್ತದೆ. ತುದಿ ಸಡಿಲವಿದ್ದರೆ ಹೋದ ಹಾಗೆಯೇ ಬರುತ್ತದೆ. ಊರಿನ ಚಾಡಿಮಾತೂ ಹೀಗೆಯೇ ತಾನೆ!

ಇದನ್ನು ತಡೆಯಲು ಎರಡೂ ತುದಿಗಳಲ್ಲಿ ತಂತಿಗೆ ಹೊಂದುವ ರೋಧಕಗಳನ್ನಿಟ್ಟರು. ಮೊದಲು ಬಂದದ್ದು 220 ಮತ್ತು 330 ಓಮ್‌ಗಳ ಜೋಡಿ. ಅದು ಸುಮ್ಮನಿದ್ದಾಗಲೂ ವಿದ್ಯುತ್ತನ್ನು ಸುಡುತ್ತಿತ್ತು. ಪೂರೈಕೆಯ ವೋಲ್ಟೇಜು ಇಳಿದರೆ ತಾನೂ ಇಳಿಯುತ್ತಿತ್ತು. ಆಮೇಲಿನದು ಸಕ್ರಿಯ ಟರ್ಮಿನೇಟರ್. 2.85 ವೋಲ್ಟನ್ನು ತಾನೇ ಸ್ಥಿರವಾಗಿ ಹಿಡಿದು 110 ಓಮ್‌ಗಳ ಮೂಲಕ ತಂತಿಗೆ ಕೊಡುವ ಚಿಪ್ ಇದು. ಇಂಥವನ್ನು ತಯಾರಿಸುತ್ತಿದ್ದ ಯೂನಿಟ್ರೋಡ್ ಕಂಪನಿಯನ್ನು 1999ರಲ್ಲಿ ಕೊಂಡ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಬೆಂಗಳೂರಿಗೆ ಬಂದಿತ್ತು. ಈಗ ಆ ಕೇಬಲ್ಲುಗಳು ಮೂಲೆ ಸೇರಿವೆ. ಅದೇ ಬಗೆಯ ಕೆಲಸ ಮೆಮೊರಿ ಚಿಪ್ಪುಗಳ ಒಳಗೇ ನಡೆಯುತ್ತದೆ.

ಸಹನೆಯಲ್ಲೂ ಇವೆರಡು ಬಗೆಗಳನ್ನು ಕಂಡಿದ್ದೇನೆ. ಒಳಗೊಳಗೇ ಬೇಯುತ್ತ, ಎದುರಿನವರ ಮರ್ಜಿಯಂತೆ ಏರುತ್ತ ಇಳಿಯುತ್ತ ನುಂಗುವುದು ಒಂದು. ತನ್ನ ಮಟ್ಟವನ್ನು ತಾನೇ ಕಾಯ್ದುಕೊಂಡು ಕೇಳಿಸಿಕೊಳ್ಳುವುದು ಇನ್ನೊಂದು. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಬೇರೊಂದು ನಿಯಮ: ಟರ್ಮಿನೇಟರ್ ತುದಿಗಳಲ್ಲಿ ಮಾತ್ರ ಇರಬೇಕು. ನಡುವಿನ ಸಾಧನಗಳೂ ನುಂಗತೊಡಗಿದರೆ ಸಂಕೇತವೇ ಸೊರಗಿಹೋಗುತ್ತದೆ. 1939ರಲ್ಲಿ ನಮ್ಮ ತುರುವನೂರಿನಲ್ಲಿ ಈಚಲುಮರ ಕಡಿದು ಸತ್ಯಾಗ್ರಹ ಮಾಡಿದರಲ್ಲ, ಆ ಕರೆಯನ್ನು ನಡುವಿನವರು 'ನಮಗೇಕೆ' ಎಂದು ಹೊಟ್ಟೆಗೆ ಹಾಕಿಕೊಂಡಿದ್ದರೆ?

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬಿಡುವಿನಲ್ಲಿ ಬಂದು, "ಮಿಸ್, ನನಗೆ ಮದುವೆ ಗೊತ್ತು ಮಾಡ್ಯಾರೆ" ಎಂದಳು. ಹದಿನೈದೂ ತುಂಬಿರಲಿಲ್ಲ. 2006ರ ಕಾಯಿದೆಯ ಪ್ರಕಾರ ಹೆಣ್ಣಿಗೆ ಹದಿನೆಂಟಾಗಬೇಕು. "ಮೇಡಂ, ಇದು ನಿಮ್ಮಲ್ಲೇ ಇರಲಿ, ಊರಿನ ಮರ್ಯಾದೆ" ಎಂದರು ತಿಳಿದವರೊಬ್ಬರು. ಆ ಮಾತಿಗೆ ನಾನು ತುದಿಯಾಗಿರಲಿಲ್ಲ; ನಡುವೆ ಇದ್ದೆ. 1098ಕ್ಕೆ ಫೋನ್ ಮಾಡಿದೆ.

ಮದುವೆ ನಿಂತಿತು. ಹುಡುಗಿ ಹತ್ತನೆಯದನ್ನೂ ಮುಗಿಸಿದಳು. ಅವಳ ತಾಯಿ ಇವತ್ತಿಗೂ ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಾರೆ. ಒಮ್ಮೆ ಬಸ್ ನಿಲ್ದಾಣದಲ್ಲಿ ನಾಲ್ಕು ಜನರ ಎದುರಿಗೇ ಬಯ್ದರು. ಅವರು ಅಂದದ್ದನ್ನು ಆ ಹುಡುಗಿಯ ಕಿವಿಗೆ ನಾನು ಹಾಕಿಲ್ಲ.