ನೆರೆಯವನಿಗೆ ಕೊಡುವ ನೀರು

ಒಮ್ಮೆ ಮಲಿನವಾದ ನೀರು ಎಂದಿಗೂ ಶುದ್ಧವಾಗದೆಂದು ಹೇಳುವವರುಂಟು. ಇದು ಸರಿಯಲ್ಲ. ಬೆಂಗಳೂರಿನ ಕೊಳಚೆ ನೀರು, ಮಡ್ಡಿಯನ್ನು ತಂಗಿಸಿ ಉಳಿದ ಕೊಳೆಯನ್ನು ಸೂಕ್ಷ್ಮಜೀವಿಗಳಿಂದ ಅಳಿಸಿದ ಮೇಲೆ, 2018ರಿಂದ ಬರಪೀಡಿತವಾದ ಕೋಲಾರ ಸೀಮೆಯ ಕೆರೆಗಳನ್ನು ಸೇರುತ್ತಿದೆ, ಅಂತರ್ಜಲವು ಏರಿತು. ಇದಕ್ಕಾಗಿ ದೇವರಿಗೆ ಸ್ತೋತ್ರ. ಆದರೆ ಅದೇ ವರ್ಷ ಲಕ್ಷ್ಮೀಸಾಗರದ ಕೆರೆಯಲ್ಲಿ ನೊರೆ ಎದ್ದಿತು. ಉಳಿದ ಕಲ್ಮಷವನ್ನು ನೀಗಿಸುವ ಮೂರನೆಯ ಹಂತವೂ ಬೇಕೆಂದು ಜನರು ಕೇಳಿದರು. ಬಾಯಾರಿದವರಿಗೆ ಇಷ್ಟು ಸಾಲದೇ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ತನ್ನ ಬಾವಿಗೆ ಬಿಡಲೊಲ್ಲದ ನೀರನ್ನು ನೆರೆಯವನ ಕೆರೆಗೆ ಬಿಡುವವನು ದಾನಮಾಡಿದನೋ, ತನ್ನ ಭಾರವನ್ನು ಇಳಿಸಿಕೊಂಡನೋ? ಎಲೀಷನು ಯೆರಿಕೋವಿನವರಿಗೆ, ಇದ್ದುದರಲ್ಲೇ ತೃಪ್ತರಾಗಿರಿ ಎನ್ನಲಿಲ್ಲ. ಬುಗ್ಗೆಯ ಬಳಿಗೇ ಹೋಗಿ ಉಪ್ಪು ಹಾಕಿದನು. ಕೋಲಾರದ ಈ ಕೆರೆಗಳಿಗಾದರೋ ಆ ಬುಗ್ಗೆಯು ಬೆಂಗಳೂರಿನಲ್ಲಿದೆ. ಉಳಿದ ಹಂತದ ವೆಚ್ಚವನ್ನು ಅಲ್ಲಿಯವರೇ ಹೊರತಕ್ಕದ್ದು.