ಎತ್ತಿಕೊಳ್ಳುವ ಕೈ

ಬಾಣಂತಿ ಇರುವ ಮನೆಯಲ್ಲಿ ಬೆಳಗಾಯಿತೆಂದರೆ ಮೊದಲು ಹಂಡೆಯ ನೀರು ಕಾಯಬೇಕು. ಎಣ್ಣೆ ಬೆಚ್ಚಗಾಗಬೇಕು. ಎರೆಯುವ ಅಜ್ಜಿ ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸರಿಸಿಕೊಂಡು, ಎರಡೂ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಳ್ಳುತ್ತಾಳೆ. ತೋಳು ನೀವುತ್ತಾಳೆ, ತೊಡೆ ನೀವುತ್ತಾಳೆ, ಬಲಗೈಯನ್ನು ಎಡಗಾಲಿಗೂ ಎಡಗೈಯನ್ನು ಬಲಗಾಲಿಗೂ ತಾಗುವಂತೆ ಮಡಿಸಿ ಬಿಡುತ್ತಾಳೆ. ಕೂಸು ಅಳುತ್ತದೆ. ಅಳಲಿ, ಎದೆ ಬಲಿಯುತ್ತದೆ ಎನ್ನುತ್ತಾರೆ ಸುತ್ತ ನಿಂತವರು. ಆಮೇಲೆ ಸಾಂಬ್ರಾಣಿ ಹೊಗೆ, ಮೆತ್ತನೆಯ ಹಳೆ ಸೀರೆಯ ತುಂಡು, ಹೊತ್ತೇರುವವರೆಗೆ ನಿದ್ದೆ. ನಮ್ಮಲ್ಲಿ ಎಷ್ಟೋ ತಲೆಮಾರು ಹೀಗೆಯೇ ಗಟ್ಟಿಯಾಗಿ ಬೆಳೆದಿದೆ.

ಆದರೆ ಎಲ್ಲೋ ಒಂದು ಮನೆಯಲ್ಲಿ ಕೂಸಿನ ಅಳು ನಿಲ್ಲುವುದಿಲ್ಲ. ಒಂದು ಕಾಲನ್ನು ಅದು ಆಡಿಸುವುದಿಲ್ಲ, ಮುಟ್ಟಿದರೆ ಚೀರುತ್ತದೆ. ಎಕ್ಸ್‌ರೇ ತೆಗೆಸಿದರೆ ತೊಡೆಯ ಮೂಳೆ ಮುರಿದಿದೆ. ಕೆಲವೊಮ್ಮೆ ಅದೇ ಚಿತ್ರದಲ್ಲಿ ಇನ್ನೂ ಹಳೆಯ ಗುರುತುಗಳು ಕಾಣುತ್ತವೆ: ಬಸಿರಿನಲ್ಲಿದ್ದಾಗಲೇ ಮುರಿದು, ತಾವಾಗಿ ಕೂಡಿಕೊಂಡ ಪಕ್ಕೆಲುಬುಗಳು. ಮನೆಯವರ ಕಣ್ಣು ಅಜ್ಜಿಯ ಕಡೆ ತಿರುಗುತ್ತದೆ. ಅಜ್ಜಿ ತನ್ನ ಕೈಗಳನ್ನು ನೋಡಿಕೊಳ್ಳುತ್ತಾಳೆ. ಈ ಬೆಳಿಗ್ಗೆ ನನ್ನ ಮನಸ್ಸು ಆ ಕೈಗಳ ಬಳಿಯೇ ನಿಂತಿದೆ. ಅವು ಯಾವ ತಪ್ಪೂ ಮಾಡಿಲ್ಲ. ತಾನು ಸಾಕಿದ ಎಲ್ಲ ಮಕ್ಕಳಿಗೂ ಮಾಡಿದ್ದನ್ನೇ ಆಕೆ ಈ ಕೂಸಿಗೂ ಮಾಡಿದ್ದಾಳೆ. ಈ ಕೂಸಿನ ಮೂಳೆ ಮಾತ್ರ ಬೇರೆ ರೀತಿಯದು.

ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಎಂದು ವೈದ್ಯರು ಇದನ್ನು ಕರೆಯುತ್ತಾರೆ. ಈ ಕಾಯಿಲೆ ಇರುವವರು, ಅವರ ಮನೆಯವರು ಚುಟುಕಾಗಿ ಓಐ ಎನ್ನುತ್ತಾರೆ. ಸುಮಾರು 15ರಿಂದ 20 ಸಾವಿರ ಹೆರಿಗೆಗಳಿಗೆ ಒಂದು ಮಗುವಿನಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಎಲ್ಲರಲ್ಲೂ ಒಂದೇ ತೀವ್ರತೆ ಇರುವುದಿಲ್ಲ. ಬಾಳಿಡೀ ನಾಲ್ಕೈದು ಸಲ ಮಾತ್ರ ಮೂಳೆ ಮುರಿದುಕೊಂಡು, ತಮಗೆ ಇಂಥದೊಂದು ಇದೆಯೆಂದೇ ತಿಳಿಯದೆ ಇರುವವರಿದ್ದಾರೆ. ಹುಟ್ಟಿದ ಕೆಲವೇ ದಿನಗಳಲ್ಲಿ ಉಸಿರಾಡಲಾಗದೆ ತೀರಿಕೊಳ್ಳುವ ಕೂಸುಗಳೂ ಇವೆ. 1979ರಲ್ಲಿ ಆಸ್ಟ್ರೇಲಿಯಾದ ಡೇವಿಡ್ ಸಿಲೆನ್ಸ್ ಇದನ್ನು ನಾಲ್ಕು ಬಗೆಗಳಾಗಿ ವಿಂಗಡಿಸಿದರು. ಈಗ ಆ ಪಟ್ಟಿ ಇನ್ನೂ ಉದ್ದವಾಗಿದೆ.

ಮೂಳೆ ಮುರಿಯಿತು ಎಂದ ಕೂಡಲೇ ನಮ್ಮವರ ಬಾಯಲ್ಲಿ ಬರುವುದು ಸುಣ್ಣದ ಅಂಶದ ಮಾತು. ಹಾಲು ಕುಡಿಸಿ, ರಾಗಿ ಕೊಡಿ, ಕ್ಯಾಲ್ಸಿಯಂ ಟಾನಿಕ್ ಹಾಕಿ ಎನ್ನುತ್ತಾರೆ. ಅವೆಲ್ಲ ಬೇಕಾದವೇ. ಆದರೆ ಇಲ್ಲಿನ ತೊಡಕು ಬೇರೆ ಕಡೆ ಇದೆ. ಮೂಳೆಯಲ್ಲಿ ಖನಿಜವನ್ನು ಹಿಡಿದು ನಿಲ್ಲಿಸುವುದು ಕೊಲಾಜೆನ್ ಎಂಬ ಪ್ರೋಟೀನಿನ ನಾರು. ಅದು ಹುಡುಗಿಯರ ಜಡೆಯಂತೆ ಮೂರೆಳೆಯ ಹೆಣಿಗೆ. ಪ್ರತಿ ಎಳೆಯಲ್ಲೂ ಪ್ರತಿ ಮೂರನೆಯ ಸ್ಥಾನದಲ್ಲಿ ಗ್ಲೈಸಿನ್ ಇರಲೇಬೇಕು. ಅಮೈನೋ ಆಮ್ಲಗಳಲ್ಲೇ ಅತಿ ಚಿಕ್ಕದು ಅದು. ಮೂರು ಎಳೆಗಳು ಒತ್ತಾಗಿ ಕೂಡುವ ನಡುಜಾಗದಲ್ಲಿ ಅಷ್ಟು ಚಿಕ್ಕದಕ್ಕೆ ಮಾತ್ರ ಎಡೆಯಿದೆ. 17ನೆಯ ವರ್ಣತಂತುವಿನಲ್ಲೋ 7ನೆಯದರಲ್ಲೋ ಇರುವ ಒಂದು ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾದರೆ, ಆ ಜಾಗಕ್ಕೆ ಕೊಂಚ ದೊಡ್ಡದೊಂದು ಬಂದು ಕೂರುತ್ತದೆ, ಹೆಣಿಗೆ ಸಡಿಲವಾಗುತ್ತದೆ. ಇದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಒಂದಿದೆ. ಕೊಲಾಜೆನ್ ಅರ್ಧದಷ್ಟೇ ತಯಾರಾಗಿ, ಇದ್ದಷ್ಟೂ ಸರಿಯಾಗಿದ್ದರೆ ಕಾಯಿಲೆ ಸಾಮಾನ್ಯವಾಗಿ ಸೌಮ್ಯ. ಪೂರ್ತಿ ತಯಾರಾಗಿ, ಅದರಲ್ಲಿ ಕೆಟ್ಟ ಎಳೆ ಬೆರೆತರೆ ಕಾಯಿಲೆ ಹೆಚ್ಚಾಗಿ ತೀವ್ರ. ಕೊರತೆಯನ್ನು ಮೈ ತಾಳಿಕೊಳ್ಳುತ್ತದೆ. ತಪ್ಪಾಗಿ ಕೂಡಿದ್ದನ್ನು ತಾಳಿಕೊಳ್ಳುವುದು ಅದಕ್ಕೆ ಕಷ್ಟ.

ಇದೇ ನಾರು ಕಣ್ಣಿನ ಬಿಳಿಭಾಗದಲ್ಲೂ ಇದೆ. ಅಲ್ಲಿ ಪದರ ತೆಳುವಾದಾಗ ಒಳಗಿನ ಬಣ್ಣ ತೋರಿ, ಎಷ್ಟೋ ಮಕ್ಕಳ ಕಣ್ಣು ನಸುನೀಲಿಯಾಗಿ ಕಾಣುತ್ತದೆ. ಎಂಥ ಚೆಂದದ ಕಣ್ಣು ಎಂದು ನೆಂಟರು ಹೊಗಳುತ್ತಾರೆ. ತಿಳಿದ ವೈದ್ಯರಿಗೆ ಅದೇ ಮೊದಲ ಸುಳಿವು. ಕೆಲವರಿಗೆ ಹಲ್ಲು ಸವೆಯುತ್ತದೆ, ದೊಡ್ಡವರಾದ ಮೇಲೆ ಕಿವಿ ಮಂದವಾಗುತ್ತದೆ. ಬುದ್ಧಿಗೆ ಮಾತ್ರ ಇದರಿಂದ ಯಾವ ಕುಂದೂ ಇಲ್ಲ.

ಕಾಯಿಲೆಯ ಹೆಸರು ಗೊತ್ತಾದ ಮೇಲೆ ಮನೆಯಲ್ಲಿ ಇನ್ನೊಂದು ಹುಡುಕಾಟ ಶುರುವಾಗುತ್ತದೆ: ಇದು ಯಾರ ಕಡೆಯಿಂದ ಬಂತು? ಗ್ರಹಣದ ದಿನ ಸೊಸೆ ಹೊರಗೆ ಬಂದಿದ್ದಳು ಎಂಬಲ್ಲಿಂದ ಹಿಡಿದು, ಅವರ ಮನೆತನವೇ ಹಾಗೆ ಎಂಬವರೆಗೆ ಮಾತು ಬೆಳೆಯುತ್ತದೆ. ಇದರ ನಿಜವನ್ನು ನೇರವಾಗಿ ಹೇಳಿಬಿಡಬೇಕು. ಹೆಚ್ಚಿನ ಸಂದರ್ಭಗಳಲ್ಲಿ ತಂದೆ ಅಥವಾ ತಾಯಿ, ಒಬ್ಬರಿಂದ ಬಂದ ಒಂದು ಜೀನ್ ಸಾಕು; ಅವರ ಪ್ರತಿ ಮಗುವಿಗೂ ಇದು ಬರುವ ಸಾಧ್ಯತೆ ಅರ್ಧಕ್ಕರ್ಧ. ಇಬ್ಬರಲ್ಲೂ ಏನೂ ಇರದೆ, ಮಗುವಿನಲ್ಲೇ ಬದಲಾವಣೆ ಹೊಸದಾಗಿ ಹುಟ್ಟುವುದೂ ಬಹಳ. ಅಪರೂಪದ ಕೆಲವು ಬಗೆಗಳಲ್ಲಿ ಮಾತ್ರ ಇಬ್ಬರಿಂದಲೂ ಬರಬೇಕು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ನಮ್ಮ ಸೀಮೆಯಲ್ಲಿ ಆ ಬಗೆಗಳಿಗೆ ಅವಕಾಶ ಹೆಚ್ಚು. ಆಗ ಸಾಧ್ಯತೆ ನಾಲ್ಕರಲ್ಲಿ ಒಂದು. ಮುಂದಿನ ಮಗುವಿನ ಬಗ್ಗೆ ಯೋಚಿಸುವ ದಂಪತಿಗೆ ಈ ಲೆಕ್ಕ ಬೇಕು, ಅದನ್ನು ಹೇಳಿಕೊಡುವ ತಜ್ಞರಿದ್ದಾರೆ. ಹೆತ್ತವಳನ್ನು ಹಂಗಿಸಲು ಈ ಲೆಕ್ಕ ಯಾರಿಗೂ ಬೇಡ.

ದೂಷಣೆ ತಣ್ಣಗಾದ ಮೇಲೆ ಉಳಿಯುವುದು ಹೆದರಿಕೆ. ಇದು ದೂಷಣೆಗಿಂತ ಹಟಮಾರಿ, ಏಕೆಂದರೆ ಇದು ಪ್ರೀತಿಯಿಂದಲೇ ಹುಟ್ಟುತ್ತದೆ. ಮಗುವನ್ನು ದಿಂಬುಗಳ ನಡುವೆ ಮಲಗಿಸುತ್ತಾರೆ. ಅಕ್ಕಪಕ್ಕದ ಮಕ್ಕಳನ್ನು ಹತ್ತಿರ ಬಿಡುವುದಿಲ್ಲ. ಅದು ಮಗುಚಿಕೊಳ್ಳಲು ಹೊರಟರೆ ಓಡಿ ಬಂದು ತಡೆಯುತ್ತಾರೆ. ಅಮ್ಮ ಕೂಡ ಎತ್ತಿಕೊಳ್ಳಲು ಅಂಜುತ್ತಾಳೆ. ಹಾಲು ಕುಡಿಸುವಾಗ, ಬಟ್ಟೆ ಬದಲಿಸುವಾಗ ಬಿಟ್ಟರೆ ಆ ಮಗುವಿನ ಮೈಗೆ ಮನುಷ್ಯರ ಕೈ ತಾಗುವುದೇ ಇಲ್ಲ.

ಆದರೆ ಮೂಳೆಯ ಗುಣವೇ ಬೇರೆ. ಭಾರ ಬಿದ್ದ ಕಡೆ ಅದು ಬಲಿಯುತ್ತದೆ, ಕೆಲಸವಿಲ್ಲದ ಕಡೆ ಕರಗುತ್ತದೆ. ತಿಂಗಳುಗಟ್ಟಲೆ ಬಾಹ್ಯಾಕಾಶದಲ್ಲಿ ತೇಲಿ ಬಂದ ಗಟ್ಟಿಮುಟ್ಟಾದ ಗಗನಯಾನಿಗಳ ಮೂಳೆಯೂ ಸವೆದಿರುತ್ತದೆ. ಅಂದಮೇಲೆ, ಮೊದಲೇ ಬಲವಿಲ್ಲದ ಮೂಳೆಯ ಮಗುವನ್ನು ಹಾಸಿಗೆಯಲ್ಲೇ ಇರಿಸಿದರೆ ಏನಾದೀತು? ಸ್ನಾಯು ಸೊರಗುತ್ತದೆ, ಮೂಳೆ ಇನ್ನಷ್ಟು ತೆಳುವಾಗುತ್ತದೆ, ಮುಂದಿನ ಸಲ ಇನ್ನೂ ಸಣ್ಣ ಪೆಟ್ಟಿಗೆ ಮುರಿಯುತ್ತದೆ. ಮುರಿದಾಗ ಮತ್ತೆ ಪ್ಲಾಸ್ಟರ್, ಮತ್ತೆ ವಾರಗಟ್ಟಲೆ ಮಲಗುವುದು, ಮತ್ತೆ ಸವೆತ. ಕಾಪಾಡಲೆಂದು ಮಾಡಿದ್ದೇ ಮಗುವನ್ನು ಈ ಸುತ್ತಿನೊಳಗೆ ಸಿಕ್ಕಿಸುತ್ತದೆ. ಓಐ ಮಕ್ಕಳನ್ನು ಬಹುಕಾಲ ನೋಡಿಕೊಂಡ ವೈದ್ಯರೂ ಫಿಸಿಯೋಥೆರಪಿಯವರೂ ಇದಕ್ಕಾಗಿಯೇ ಮಗು ಅಲುಗಾಡಲಿ, ಬೆಚ್ಚಗಿನ ನೀರಿನಲ್ಲಿ ಕಾಲು ಬಡಿಯಲಿ, ತನ್ನ ಶಕ್ತಿ ಇದ್ದಷ್ಟು ತೆವಳಲಿ, ಕೂರಲಿ, ನಿಲ್ಲಲಿ ಎನ್ನುತ್ತಾರೆ. ಅದರಲ್ಲಿ ಅಪಾಯವಿಲ್ಲವೆಂದು ಅವರು ಹೇಳುವುದಿಲ್ಲ. ಯಾವಾಗಲೋ ಒಮ್ಮೆ ಮುರಿಯುತ್ತದೆ. ಆ ಅಪಾಯವನ್ನು ಕಣ್ಣುಬಿಟ್ಟುಕೊಂಡೇ ಒಪ್ಪಬೇಕು ಎಂಬುದು ತಂದೆತಾಯಿಗೆ ಎಷ್ಟು ಕಠಿಣ ಎಂದು ಯೋಚಿಸುತ್ತೇನೆ. ಉಳಿದವರ ಮಕ್ಕಳು ಬಿದ್ದು ಎದ್ದು ಕಲಿಯುವುದನ್ನು ಅವರ ತಾಯಂದಿರು ಅಡುಗೆ ಮಾಡುತ್ತಾ ನೋಡುತ್ತಾರೆ. ಈ ತಾಯಿ ಉಸಿರು ಬಿಗಿಹಿಡಿದು ನೋಡುತ್ತಾಳೆ. ಆದರೂ ಬಿಡುತ್ತಾಳೆ. ಅದಕ್ಕಿಂತ ದೊಡ್ಡ ಧೈರ್ಯ ನನಗೆ ಗೊತ್ತಿಲ್ಲ.

ಹೆದರಿಕೆಯ ಜಾಗದಲ್ಲಿ ಬೇಕಾದದ್ದು ಕಲಿಕೆ. ಓಐ ಕೂಸನ್ನು ಎತ್ತಿಕೊಳ್ಳುವುದಕ್ಕೆ ಒಂದು ಕ್ರಮವಿದೆ. ಒಂದು ಅಂಗೈಯನ್ನು ಬೆರಳು ಅಗಲಿಸಿ ಕುಂಡೆಯ ಕೆಳಗೆ, ಇನ್ನೊಂದನ್ನು ಹಾಗೆಯೇ ತಲೆ, ಕತ್ತು, ಹೆಗಲಿನ ಕೆಳಗೆ ಜಾರಿಸಿ, ಇಡೀ ಮೈಯ ಭಾರ ಹಂಚಿಹೋಗುವಂತೆ ನಿಧಾನವಾಗಿ ಎತ್ತಬೇಕು. ಕಂಕುಳಿಗೆ ಕೈಹಾಕಿ ಎತ್ತಬಾರದು. ನ್ಯಾಪಿ ಬದಲಿಸುವಾಗ ಪಾದ ಹಿಡಿದು ಕಾಲು ಮೇಲೆತ್ತಬಾರದು. ಸೊಂಟದ ಕೆಳಗೆ ಕೈ ತೂರಿಸಬೇಕು. ಅಂಗಿ ತೊಡಿಸುವಾಗ ಮಗುವಿನ ತೋಳನ್ನು ಎಳೆಯದೆ, ತೋಳಿನ ಮೇಲೆ ಅಂಗಿಯನ್ನು ತರಬೇಕು. ಮುಂದೆ ಪೂರ್ತಿ ಬಿಚ್ಚುವ, ಸಡಿಲವಾದ ಬಟ್ಟೆ ಒಳ್ಳೆಯದು. ಆಸ್ಪತ್ರೆಯಲ್ಲಿ ಬಿಪಿ ನೋಡಲು ತೋಳಿಗೆ ಪಟ್ಟಿ ಬಿಗಿಯುವವರಿಗೂ ಮೊದಲೇ ಹೇಳಿರಬೇಕು. ಇದನ್ನು ಕಲಿಯಲು ಓದುಬರಹ ಬೇಕಿಲ್ಲ, ಗಮನ ಬೇಕು. ಎರೆಯುವ ಅಜ್ಜಿಗೆ ಯಾರಾದರೂ ಪಕ್ಕದಲ್ಲಿ ಕೂತು ಇದನ್ನು ತೋರಿಸಿಕೊಟ್ಟರೆ, ಎಳೆಮೈಯ ಪರಿಚಯ ಅಷ್ಟೊಂದು ಇರುವ ಆ ಕೈಗಳು ಎಲ್ಲರಿಗಿಂತ ಬೇಗ ಕಲಿತಾವು. ಆಕೆಯನ್ನು ದೂರವಿಟ್ಟ ಮನೆಗಳು ಕಳೆದುಕೊಳ್ಳುವುದು ಬಹಳ.

ಮುರಿದ ಮೂಳೆ ಈ ಮಕ್ಕಳಲ್ಲೂ ಬಹುಮಟ್ಟಿಗೆ ಉಳಿದವರಷ್ಟೇ ವೇಗದಲ್ಲಿ ಕೂಡಿಕೊಳ್ಳುತ್ತದೆ. ಹಾಗಾಗಿ ಊರ ನಾಟಿ ವೈದ್ಯರ ಬಳಿ ಪುತ್ತೂರು ಕಟ್ಟು ಹಾಕಿಸಿ, ವಾಸಿಯಾಯಿತಲ್ಲ ಎಂದು ನೆಮ್ಮದಿಪಡುವವರಿದ್ದಾರೆ. ಕೂಡುವುದೇನೋ ಕೂಡುತ್ತದೆ, ಆದರೆ ಡೊಂಕಾಗಿ ಕೂಡಬಹುದು, ಡೊಂಕು ಮೂಳೆ ಮತ್ತೆ ಅಲ್ಲೇ ಮುರಿಯುತ್ತದೆ. ಬಾಗಿದ ಮೂಳೆಯನ್ನು ನೇರಮಾಡಿ ಒಳಗೆ ಸರಳು ತೂರಿಸುವ ಶಸ್ತ್ರಚಿಕಿತ್ಸೆ 1950ರ ದಶಕದಿಂದ ಇದೆ. ಈಗ ಮಗು ಬೆಳೆದಂತೆ ತಾನೂ ಉದ್ದವಾಗುವ ಸರಳುಗಳು ಬಂದಿವೆ. 1998ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಫ್ರಾನ್ಸಿಸ್ ಗ್ಲೋರಿಯೋ ಮತ್ತು ಸಂಗಡಿಗರು 30 ಮಕ್ಕಳಿಗೆ ಪಾಮಿಡ್ರೊನೇಟ್ ಎಂಬ ಔಷಧವನ್ನು ಡ್ರಿಪ್ ಮೂಲಕ ಕೊಟ್ಟ ಫಲವನ್ನು ಪ್ರಕಟಿಸಿದರು. ಮೂಳೆಯ ಸಾಂದ್ರತೆ ಏರಿತ್ತು, ಮುರಿತ ಕಡಿಮೆಯಾಗಿತ್ತು, ನೋವು ತಗ್ಗಿತ್ತು. ಜೀನ್ ಅನ್ನು ಆ ಔಷಧ ಮುಟ್ಟುವುದಿಲ್ಲ, ಮೂಳೆ ಸವೆಯುವುದನ್ನು ನಿಧಾನಿಸುತ್ತದೆ ಅಷ್ಟೇ. ನಮ್ಮ ದೇಶದ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯ ಪಟ್ಟಿಯಲ್ಲಿ ಓಐ ಕೂಡ ಇದೆ. ಆ ನೀತಿಯಡಿ ಗುರುತಿಸಿದ ಕೇಂದ್ರಗಳಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯ ಜೋಡಿಯೂ ಒಂದು. ದೂರದ ತಾಲ್ಲೂಕಿನ ತಾಯಿಗೆ ಈ ವಿಳಾಸ ತಲುಪಬೇಕು.

ಎತ್ತಿಕೊಳ್ಳುವ ಕೈಗಳನ್ನು ನೆನೆದಾಗಲೆಲ್ಲ ನನಗೆ ಮಿಶೆಲ್ ಪೆಟ್ರುಚಿಯಾನಿ ನೆನಪಾಗುತ್ತಾರೆ. 1962ರಲ್ಲಿ ಫ್ರಾನ್ಸಿನ ಒರಾಂಜ್ ಎಂಬ ಊರಿನಲ್ಲಿ ಓಐ ಹೊತ್ತೇ ಹುಟ್ಟಿದವರು. ತಂದೆ ಗಿಟಾರ್ ವಾದಕ. ಇವರ ಎತ್ತರ ಮೂರು ಅಡಿಯ ಹತ್ತಿರಕ್ಕೆ ನಿಂತಿತು. ಎಳವೆಯಲ್ಲಿ ಟಿವಿಯಲ್ಲಿ ಜಾಜ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ಪಿಯಾನೋ ನುಡಿಸುವುದನ್ನು ನೋಡಿ ತನಗೂ ಅದು ಬೇಕೆಂದರು. ಆಟಿಕೆ ಪಿಯಾನೋ ತಂದುಕೊಟ್ಟರೆ ಅದನ್ನು ಒಡೆದುಹಾಕಿದರು. ಅವರಿಗೆ ಬೇಕಿದ್ದದ್ದು ನಿಜವಾದ ಪಿಯಾನೋ. ತಂದೆತಾಯಿ ತರಿಸಿಕೊಟ್ಟರು. ಮಗುವಿನ ಮೂಳೆ ಮುರಿದೀತೆಂಬ ಭಯವನ್ನು ಆ ಮನೆಯವರು ಎಲ್ಲಿ ಬಚ್ಚಿಟ್ಟುಕೊಂಡಿದ್ದರೋ! ಪೆಡಲಿಗೆ ಕಾಲು ಎಟುಕುವಂತೆ ಬೇರೆ ಸಾಧನ ಜೋಡಿಸಿ ಅವರು ನುಡಿಸಿದರು, ಜಾಜ್ ಲೋಕದ ದೊಡ್ಡ ಪಿಯಾನೋ ವಾದಕರಲ್ಲಿ ಒಬ್ಬರಾದರು. ವೇದಿಕೆಗೆ ಅವರನ್ನು ಜೊತೆಯವರು ಎತ್ತಿಕೊಂಡು ಬಂದು ಕೂರಿಸುತ್ತಿದ್ದುದುಂಟು. ಆಮೇಲೆ ಸಭೆಯ ಕಿವಿಗೆ ಕೇಳುತ್ತಿದ್ದದ್ದು ಸಂಗೀತ ಮಾತ್ರ. 1999ರ ಜನವರಿಯಲ್ಲಿ, 36ನೆಯ ವಯಸ್ಸಿಗೆ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಪ್ಯಾರಿಸಿನಲ್ಲಿ ಅವರ ಸಮಾಧಿ ಶೋಪ್ಯಾನ್‌ನ ಸಮಾಧಿಗೆ ಹತ್ತಿರದಲ್ಲಿದೆ.

ಆದರೆ ಇಂಥವರ ಕತೆ ಹೇಳಿ ನಿಲ್ಲಿಸಿದರೆ ಒಂದು ಅನ್ಯಾಯವಾಗುತ್ತದೆ. ಓಐ ಇರುವ ಮಗು ಅಸಾಮಾನ್ಯವಾದದ್ದನ್ನು ಸಾಧಿಸಿದರೆ ಮಾತ್ರ ನಮ್ಮ ಗೌರವಕ್ಕೆ ಪಾತ್ರ ಎಂದಂತೆ ಆಗುತ್ತದೆ. ಇದನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಹೇಳಿದವರು ಆಸ್ಟ್ರೇಲಿಯಾದ ಸ್ಟೆಲ್ಲಾ ಯಂಗ್. ಅವರಿಗೂ ಇದೇ ಕಾಯಿಲೆ ಇತ್ತು, ಗಾಲಿಕುರ್ಚಿಯಲ್ಲೇ ಓಡಾಟ. ಅವರಿಗೆ 15 ವರ್ಷವಾಗಿದ್ದಾಗ ಊರಿನವರೊಬ್ಬರು ಸಾಧನೆಯ ಪ್ರಶಸ್ತಿಗೆ ಅವರ ಹೆಸರು ಸೂಚಿಸುತ್ತೇವೆಂದು ಮನೆಗೆ ಬಂದರಂತೆ. ಸಂತೋಷವೇ, ಆದರೆ ಅವಳು ಇನ್ನೂ ಏನನ್ನೂ ಸಾಧಿಸಿಲ್ಲವಲ್ಲ ಎಂದರಂತೆ ತಂದೆತಾಯಿ. 2014ರ ಭಾಷಣವೊಂದರಲ್ಲಿ ಸ್ಟೆಲ್ಲಾ ಇದನ್ನು ಹೇಳಿಕೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ, 32ನೆಯ ವಯಸ್ಸಿಗೆ ತೀರಿಕೊಂಡರು. ಆ 15ರ ವಯಸ್ಸಿನಲ್ಲಿ ಅವಳು ಶಾಲೆಗೆ ಹೋಗುತ್ತಿದ್ದಳು, ಓದುತ್ತಿದ್ದಳು, ಟಿವಿ ನೋಡುತ್ತಿದ್ದಳು, ಎಲ್ಲ ಹುಡುಗಿಯರಂತೆ ಇದ್ದಳು. ಅಷ್ಟಕ್ಕೇ ಪ್ರಶಸ್ತಿ ಏಕೆ ಎಂದು ಕೇಳಿದ ಆ ತಂದೆತಾಯಿ ಮಗಳಿಗೆ ಎಂಥ ಗೌರವ ಕೊಟ್ಟರು!

ಹುಡುಗಿ ಶಾಲೆಗೆ ಹೋಗುತ್ತಿದ್ದಳು ಎಂಬಷ್ಟು ಸಾಮಾನ್ಯವಾದ ಮಾತು ನಮ್ಮಲ್ಲಿ ಇನ್ನೂ ಎಷ್ಟೋ ಮಕ್ಕಳ ಪಾಲಿಗೆ ಬಂದಿಲ್ಲ. ಏನಾದರೂ ಆದರೆ ನಾವು ಹೊಣೆಯಲ್ಲ ಎಂದು ಶಾಲೆ ಹಿಂಜರಿಯುತ್ತದೆ, ಮನೆಯವರೂ ಅಂಜಿ ಸುಮ್ಮನಾಗುತ್ತಾರೆ. ಕಲಿಯಲು ಬುದ್ಧಿಯಿದ್ದೂ ಮಗು ಕಿಟಕಿಯ ಬಳಿ ಉಳಿಯುತ್ತದೆ. ಬೇಕಾದದ್ದು ದೊಡ್ಡದೇನೂ ಇಲ್ಲ. ತರಗತಿ ನೆಲಮಹಡಿಯಲ್ಲಿರಬೇಕು. ಗಾಲಿಕುರ್ಚಿ ಹೋಗುವಂಥ ಶೌಚಾಲಯ ಇರಬೇಕು. ಗಂಟೆ ಹೊಡೆಯುವ ಐದು ನಿಮಿಷ ಮೊದಲೇ ಆ ಮಗುವನ್ನು ಹೊರಗೆ ಬಿಟ್ಟರೆ ನೂಕುನುಗ್ಗಲು ತಪ್ಪುತ್ತದೆ. ಬಿದ್ದರೆ ಗಾಬರಿಯಲ್ಲಿ ಕೈಹಿಡಿದು ಎಳೆಯಬಾರದೆಂದು ಮೇಷ್ಟ್ರಿಗೂ ಸಹಪಾಠಿಗಳಿಗೂ ಗೊತ್ತಿರಬೇಕು. ತನ್ನನ್ನು ಹೇಗೆ ಎತ್ತಬೇಕು, ಎಲ್ಲಿ ಹಿಡಿಯಬೇಕು, ಎಲ್ಲಿ ನೋಯುತ್ತಿದೆ ಎಂಬುದು ಓಐ ಜೊತೆ ಬೆಳೆದ ಮಗುವಿಗೆ ಚೆನ್ನಾಗಿ ತಿಳಿದಿರುತ್ತದೆ. ಎತ್ತಲು ಬಾಗಿದವರು ಮೊದಲು ಅದನ್ನೇ ಕೇಳಲಿ. ಅದು ಹೇಳಿಕೊಡುತ್ತದೆ.