ಬಣ್ಣ ಯಾರ ಕಣ್ಣಿಗೆ?

ಪ್ರಾಣಿಯ ಮೈಬಣ್ಣ ಯಾರಿಗೆ ಸೇರಿದ್ದು? ಅದನ್ನು ಹೊತ್ತು ತಿರುಗುವ ಪ್ರಾಣಿಗೋ, ನೋಡಿ ಮೆಚ್ಚುವವರಿಗೋ? ನವಿಲಿನ ಮಟ್ಟಿಗೆ ಉತ್ತರ ಸುಲಭ. ಗಂಡು ಗರಿ ಬಿಚ್ಚುವುದು ಹೆಣ್ಣಿನ ಎದುರಿಗೆ, ನಮಗೆ ದಕ್ಕುವುದು ಪುಕ್ಕಟೆ ನೋಟ. ಆದರೆ ಬಿಯರ್ಡೆಡ್ ಡ್ರ್ಯಾಗನ್ ಎಂಬ ಹಲ್ಲಿಯ ವಿಷಯದಲ್ಲಿ ಇದೇ ಪ್ರಶ್ನೆ ಕೇಳಿದರೆ ಮಾತು ಅಷ್ಟಕ್ಕೇ ಮುಗಿಯುವುದಿಲ್ಲ. ಅದರ ಬಣ್ಣ ಮೊದಲು ಅದರದಾಗಿತ್ತು. ಈಗ ಬಹುಪಾಲು ನಮ್ಮದಾಗಿದೆ.

ಹೆಸರಿನಲ್ಲಿ ಡ್ರ್ಯಾಗನ್ ಇದ್ದರೂ ಇದು ಬಾಲ ಸೇರಿ ಒಂದೂವರೆಯಿಂದ ಎರಡು ಅಡಿ ಉದ್ದದ ಸಾಧು ಪ್ರಾಣಿ. ನಮ್ಮ ಬೇಲಿಯ ಮೇಲೆ ತಲೆಯಾಡಿಸುವ ಓತಿಕ್ಯಾತನೂ ಇದೂ ಅಗಮಿಡೇ ಎಂಬ ಒಂದೇ ಕುಟುಂಬದವು. ವಿಜ್ಞಾನಿಗಳು ಪೊಗೊನಾ ವಿಟಿಸೆಪ್ಸ್ ಎಂದು ಕರೆಯುವ ಈ ಜೀವಿಯ ತವರು ಆಸ್ಟ್ರೇಲಿಯಾದ ಒಣ ಒಳನಾಡು. ಅಲ್ಲಿ ಕೆಂಪು ಮಣ್ಣಿನ ಸೀಮೆಯಲ್ಲಿ ಹುಟ್ಟಿದ್ದಕ್ಕೆ ಕೆಂಪು ಛಾಯೆ, ಬೂದು ನೆಲದಲ್ಲಿ ಹುಟ್ಟಿದ್ದಕ್ಕೆ ಬೂದು ಛಾಯೆ. ಹದ್ದಿನ ಕಣ್ಣಿಗೆ ಮಣ್ಣಿನ ಹೆಂಟೆಯಂತೆ ಕಾಣುವುದರಲ್ಲೇ ಅದರ ಬದುಕು ಅಡಗಿದೆ.

ಬೆಳಗಿನ ಹೊತ್ತು ಅದು ಬೇಲಿಗೂಟದ ಮೇಲೋ ಒಣಗಿದ ಕೊರಡಿನ ಮೇಲೋ ಹತ್ತಿ ಕೂರುತ್ತದೆ. ರಾತ್ರಿಯ ತಣ್ಪು ಇನ್ನೂ ಮೈಯಲ್ಲಿರುತ್ತದೆ. ಪಕ್ಕೆಲುಬುಗಳನ್ನು ಅಗಲಿಸಿ ಮೈಯನ್ನು ರೊಟ್ಟಿಯಂತೆ ಚಪ್ಪಟೆ ಮಾಡಿ, ಬೆನ್ನನ್ನು ಬಿಸಿಲಿನ ಕಡೆ ಓರೆಯಾಗಿಸುತ್ತದೆ. ಆಗ ಬೆನ್ನಿನ ಬಣ್ಣ ಕಪ್ಪಾಗಿರುತ್ತದೆ, ಏಕೆಂದರೆ ಕಪ್ಪು ಬಿಸಿಲನ್ನು ಬೇಗ ಹೀರುತ್ತದೆ. ಹೊತ್ತು ಏರಿ ಮೈ ಕಾದಂತೆ ಅದೇ ಬೆನ್ನು ಮೆಲ್ಲಗೆ ತಿಳಿಯಾಗುತ್ತದೆ, ಹೆಚ್ಚಾದ ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ. ಅಷ್ಟರಲ್ಲಿ ಇನ್ನೊಂದು ಗಂಡು ಗಡಿ ದಾಟಿ ಬಂದರೆ ಬೇರೆಯೇ ವ್ಯವಹಾರ: ಗಂಟಲ ಕೆಳಗಿನ ಮುಳ್ಳುಗಳ ಚೀಲ ಗಡ್ಡದಂತೆ ಉಬ್ಬಿ ಕಡುಗಪ್ಪಾಗುತ್ತದೆ, ತಲೆ ಜೋರಾಗಿ ಮೇಲೆ ಕೆಳಗೆ ಆಡುತ್ತದೆ. ಸೋಲೊಪ್ಪಿದ್ದು ಮುಂಗೈ ಎತ್ತಿ ನಿಧಾನವಾಗಿ ಗಾಳಿಯಲ್ಲಿ ಸುತ್ತಿಸುತ್ತದೆ. ಬೆನ್ನಿನ ಬಣ್ಣ ಮುಖ್ಯವಾಗಿ ಸೂರ್ಯನ ಜೊತೆಗಿನ ಲೆಕ್ಕಾಚಾರಕ್ಕೆ, ಗಡ್ಡದ ಬಣ್ಣ ನೆರೆಹೊರೆಯ ಜೊತೆಗಿನ ಮಾತುಕತೆಗೆ ಎಂದು ಮೆಲ್ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ಒಂದೇ ಚರ್ಮದ ಎರಡು ಭಾಗಕ್ಕೆ ಎರಡು ಕೆಲಸ.

ಇಂಥದ್ದನ್ನು ನೋಡಲು ಆಸ್ಟ್ರೇಲಿಯಾಕ್ಕೇ ಹೋಗಬೇಕಿಲ್ಲ. ಬೆಂಗಳೂರಿನ ಸುತ್ತಲಿನ ಬಂಡೆಗಳ ಮೇಲೆ ವಾಸಿಸುವ ಬಂಡೆ ಓತಿಯ ಗಂಡು, ಹೆಣ್ಣು ಎದುರಾದಾಗ ತಾಳುವ ಬಣ್ಣವೇ ಬೇರೆ, ಎದುರಾಳಿ ಗಂಡು ಬಂದಾಗ ತಾಳುವ ಬಣ್ಣವೇ ಬೇರೆ. ಇದನ್ನು ಭಾರತೀಯ ವಿಜ್ಞಾನ ಸಂಸ್ಥೆಯವರು ಅಳೆದು ನೋಡಿದ್ದಾರೆ. ಕೆಲವೇ ಕ್ಷಣಗಳಲ್ಲಿ ಮೈ ಬದಲಾಗುತ್ತದೆ, ಕೆಲಸ ಮುಗಿದ ಮೇಲೆ ಮತ್ತೆ ಬಂಡೆಯ ಬಣ್ಣ. ಈ ಕುಲದಲ್ಲಿ ಬಣ್ಣವೆಂದರೆ ದುಡಿಮೆ.

‘ಓತಿಗೆ ಬೇಲಿ ಸಾಕ್ಷಿ, ಬೇಲಿಗೆ ಓತಿ ಸಾಕ್ಷಿ’ ಎಂದು ನಮ್ಮಲ್ಲಿ ಗಾದೆಯಿದೆ. ಒಬ್ಬರಿಗೊಬ್ಬರು ಸುಳ್ಳುಸಾಕ್ಷಿ ಹೇಳುವವರನ್ನು ಹಂಗಿಸುವ ಮಾತು ಅದು. ಆದರೆ ಕಾಡಿನ ಓತಿಯ ಬಣ್ಣಕ್ಕೆ ಇರುವ ಸಾಕ್ಷಿಗಳು ಸುಳ್ಳು ಹೇಳುವಂಥವಲ್ಲ. ಮಣ್ಣು, ಬಿಸಿಲು, ಹದ್ದು, ಎದುರಾಳಿ, ಸಂಗಾತಿ ಇವರೆಲ್ಲರ ಮುಂದೆ ಅದು ಪ್ರತಿದಿನ ಪರೀಕ್ಷೆಗೆ ಒಳಗಾಗುತ್ತದೆ. ಬಣ್ಣ ತಪ್ಪಿದರೆ ಜೀವ ತೆರಬೇಕಾದೀತು.

ಇದೇ ಪ್ರಾಣಿಯನ್ನು ಗಾಜಿನ ಪೆಟ್ಟಿಗೆಗೆ ತಂದಿಡಿ. ಆಸ್ಟ್ರೇಲಿಯಾ ತನ್ನ ವನ್ಯಜೀವಿಗಳ ವ್ಯಾಪಾರಿ ರಫ್ತಿಗೆ ದಶಕಗಳ ಹಿಂದೆಯೇ ಬಾಗಿಲು ಹಾಕಿದೆ. ಹೊರದೇಶಗಳಲ್ಲಿ ಇಂದು ಸಾಕಿರುವ ಬಿಯರ್ಡೆಡ್ ಡ್ರ್ಯಾಗನ್‌ಗಳೆಲ್ಲ ಹಿಂದೊಮ್ಮೆ ಹೇಗೋ ಗಡಿ ದಾಟಿ ಬಂದ ಕೆಲವು ಹಲ್ಲಿಗಳ ಸಂತಾನ. ಪೆಟ್ಟಿಗೆಯಲ್ಲಿ ಸೂರ್ಯನ ಬದಲು ಶಾಖದ ದೀಪ, ಅತಿನೇರಳೆ ಕಿರಣದ ಕೊಳವೆ. ಹದ್ದಿಲ್ಲ. ನೆಲವೆಂದರೆ ಹಾಸಿದ ಟೈಲ್ ಅಥವಾ ಕಾಗದ. ಗಡ್ಡ ಕಪ್ಪಾದರೂ ಉತ್ತರ ಕೊಡಲು ಎದುರಿಗೆ ಯಾರೂ ಇಲ್ಲ. ಹೀಗೆ ಬಣ್ಣಕ್ಕಿದ್ದ ಕೆಲಸವೆಲ್ಲ ಒಂದೊಂದಾಗಿ ತಪ್ಪಿತು, ಸಾಕ್ಷಿಗಳೆಲ್ಲ ಎದ್ದುಹೋದರು. ಉಳಿದ ಒಬ್ಬನೇ ಸಾಕ್ಷಿ, ಗಾಜಿನಾಚೆ ನಿಂತು ನೋಡುವ ಮನುಷ್ಯ.

ಕೆಲಸ ಕಳೆದುಕೊಂಡ ಬಣ್ಣ ಆಭರಣವಾಯಿತು. ತಳಿಗಾರರು ಇವನ್ನು ಮಾರ್ಫ್ ಎನ್ನುತ್ತಾರೆ, ಪಟ್ಟಿ ಉದ್ದವಿದೆ. ಕಡುಗೆಂಪು, ಕಿತ್ತಳೆ, ನಿಂಬೆಹಳದಿ ಬಣ್ಣಗಳು ತಲೆಮಾರುಗಳಿಂದ ಆರಿಸಿ ಆರಿಸಿ ಗಾಢ ಮಾಡಿದವು. ಹೈಪೊ ಎಂಬುದರಲ್ಲಿ ಕಪ್ಪು ವರ್ಣಕ ತಗ್ಗಿರುತ್ತದೆ. ಅದನ್ನು ಗುರುತಿಸಲು ಉಗುರು ನೋಡಿದರೆ ಸಾಕು, ಕಂದುಗೆರೆಯಿಲ್ಲದೆ ಗಾಜಿನಂತೆ ತಿಳಿಯಾಗಿರುತ್ತದೆ. ಟ್ರಾನ್ಸ್ ಎಂಬುದರ ಚರ್ಮ ಅರೆಪಾರದರ್ಶಕ. ಕಣ್ಣು ಪೂರ್ತಿ ಕಪ್ಪುಗುಂಡು, ಮರಿಯಾಗಿದ್ದಾಗ ಹೊಟ್ಟೆ ನೀಲಿಯಾಡುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ರೂಪುಗೊಂಡ ವಿಟ್‌ಬ್ಲಿಟ್ಸ್‌ಗೆ ಬೆನ್ನಿನ ಮೇಲೆ ಚಿತ್ತಾರವೇ ಇಲ್ಲ. ಜೀರೋ ಎಂಬುದಕ್ಕೆ ಚಿತ್ತಾರವೂ ಇಲ್ಲ, ಹೇಳಿಕೊಳ್ಳುವಂಥ ಬಣ್ಣವೂ ಇಲ್ಲ, ಬರೀ ಬೆಳ್ಳಿಬೂದು.

ಇಲ್ಲಿಯವರೆಗೆ ತಕರಾರು ಎತ್ತುವುದು ಕಷ್ಟ. ಚಿನ್ನದ ಮೀನು, ಲಕ್ಕ ಪಾರಿವಾಳ, ನಮ್ಮ ಅಂಗಳದ ಬಣ್ಣಬಣ್ಣದ ದಾಸವಾಳ ಎಲ್ಲವೂ ಮನುಷ್ಯನ ಕಣ್ಣು ಆರಿಸಿಕೊಂಡು ಬೆಳೆಸಿದವೇ. ಕೆಂಪು ಹಲ್ಲಿ ದೀಪದ ಕೆಳಗೆ ಚೆನ್ನಾಗಿಯೇ ಬೆಚ್ಚಗಾಗುತ್ತದೆ, ತಿನ್ನುತ್ತದೆ, ಮೊಟ್ಟೆಯಿಡುತ್ತದೆ. ನಮ್ಮ ಖುಷಿಗೆ ಅದು ತೆತ್ತದ್ದು ಹೆಚ್ಚೇನಿಲ್ಲ ಎನ್ನಬಹುದು. ಆದರೆ ಆಸೆ ಬಣ್ಣದಲ್ಲಿ ನಿಲ್ಲಲಿಲ್ಲ, ಹುರುಪೆಗೂ ಕೈ ಹಾಕಿತು.

ಇಟಲಿಯಲ್ಲಿ ಹುಟ್ಟಿದ ಕೆಲವು ಮರಿಗಳ ಬೆನ್ನಿನ ಹುರುಪೆ ಸಣ್ಣದಾಗಿತ್ತು. ಮುಳ್ಳುಗಳು ಅಡಗಿ ಬೆನ್ನು ಹದ ಮಾಡಿದ ತೊಗಲಿನಂತೆ ನಯವಾಗಿ ಕಂಡಿತು. ಅದಕ್ಕೆ ಲೆದರ್‌ಬ್ಯಾಕ್ ಎಂಬ ಹೆಸರು ಬಂತು. ಮುಳ್ಳಿನ ಒರಟು ತಗ್ಗಿದ್ದರಿಂದ ಬಣ್ಣ ಇನ್ನಷ್ಟು ಎದ್ದು ಕಾಣುತ್ತದೆ, ಬೇಡಿಕೆ ಬಂದದ್ದೂ ಅದಕ್ಕೇ. ಇದಕ್ಕೆ ಕಾರಣವಾದ ಜೀನ್‌ನ ಒಂದು ಪ್ರತಿ ಮಾತ್ರ ಕೆಟ್ಟಿದ್ದರೆ ಹುರುಪೆ ಸಣ್ಣದಾಗುತ್ತದೆ, ತಂದೆ ತಾಯಿ ಇಬ್ಬರಿಂದಲೂ ಬಂದ ಎರಡೂ ಪ್ರತಿ ಕೆಟ್ಟಿದ್ದರೆ ಹುರುಪೆಯೇ ಇರುವುದಿಲ್ಲ. ಆ ಬೋಳುಮೈಯ ಹಲ್ಲಿಗೆ ಸಿಲ್ಕ್‌ಬ್ಯಾಕ್ ಎಂದು ಹೆಸರು. ಎರಡು ಲೆದರ್‌ಬ್ಯಾಕ್‌ಗಳನ್ನು ಕೂಡಿಸಿದರೆ ಸರಾಸರಿ ನೂರಕ್ಕೆ 25 ಮರಿ ಮಾಮೂಲಿ, 50 ಲೆದರ್‌ಬ್ಯಾಕ್, 25 ಸಿಲ್ಕ್‌ಬ್ಯಾಕ್. ಲೆದರ್‌ಬ್ಯಾಕನ್ನು ಮಾಮೂಲಿ ಹಲ್ಲಿಯ ಜೊತೆ ಕೂಡಿಸಿದರೆ ಅರ್ಧ ಮರಿಗಳು ಲೆದರ್‌ಬ್ಯಾಕ್, ಸಿಲ್ಕ್‌ಬ್ಯಾಕ್ ಒಂದೂ ಇಲ್ಲ. ಅಂದರೆ ಸಿಲ್ಕ್‌ಬ್ಯಾಕ್ ಹುಟ್ಟುವುದು ವಿಧಿಯಾಟವಲ್ಲ, ಜೋಡಿ ಕಟ್ಟುವವರು ತಿಳಿದೇ ಮಾಡುವ ಗುಣಾಕಾರ.

ಸಿಲ್ಕ್‌ಬ್ಯಾಕಿನ ಮೈ ಮುಟ್ಟಿದರೆ ನಿಜಕ್ಕೂ ರೇಷ್ಮೆಯೇ. ಬಣ್ಣವೂ ಕಣ್ಣು ಕುಕ್ಕುವಂಥದ್ದು. ಆದರೆ ಆ ಚರ್ಮದೊಳಗೆ ಬದುಕುವುದು ಬೇರೆ ಮಾತು. ಹುರುಪೆಯಿಲ್ಲದ ಚರ್ಮ ಬೇಗ ಒಣಗುತ್ತದೆ. ಸಾಕಿದವರು ಮತ್ತೆ ಮತ್ತೆ ಬೆಚ್ಚನೆ ನೀರಿನಲ್ಲಿ ಅದ್ದಿ ಮುಲಾಮು ಸವರಬೇಕಾಗುತ್ತದೆ. ಮಾಮೂಲಿ ಹಲ್ಲಿಗೆ ಹಿತವಾದ ಅತಿನೇರಳೆ ದೀಪ ಇದರ ಮೈ ಸುಡಬಲ್ಲದು. ತಿನ್ನಲೆಂದು ಬಿಟ್ಟ ಮಿಡತೆ ತಿರುಗಿ ಇದನ್ನೇ ಕಚ್ಚಿದರೆ ಗಾಯವಾಗುತ್ತದೆ. ಕೂಡುವಾಗ ಗಂಡು ಹೆಣ್ಣಿನ ಕತ್ತನ್ನು ಬಾಯಲ್ಲಿ ಹಿಡಿಯುವುದು ಈ ಜಾತಿಯ ಕ್ರಮ. ಹುರುಪೆಯ ರಕ್ಷಣೆಯಿಲ್ಲದ ಕತ್ತು ಆ ಹಿಡಿತಕ್ಕೆ ಹರಿದುಹೋಗುತ್ತದೆ. ಪೊರೆ ಬಿಡುವ ಕಾಲ ಬಂತೆಂದರೆ ಕಷ್ಟ ಇನ್ನೂ ಹೆಚ್ಚು. ಹಳೆಯ ಪೊರೆ ಪೂರ್ತಿ ಕಳಚದೆ ಕಾಲ್ಬೆರಳ ಸುತ್ತ, ಬಾಲದ ತುದಿಯ ಸುತ್ತ ದಾರದಂತೆ ಬಿಗಿದುಕೊಳ್ಳುತ್ತದೆ. ಗಮನಿಸದೆ ಬಿಟ್ಟರೆ ರಕ್ತ ಓಡದೆ ಬೆರಳು ಕಪ್ಪಾಗಿ ಉದುರುತ್ತದೆ.

ಈ ಬೋಳು ಹಲ್ಲಿಯ ಕತೆಗೆ ಇನ್ನೊಂದು ಮಗ್ಗುಲಿದೆ. ಹಲ್ಲಿಯ ಹುರುಪೆ, ಹಕ್ಕಿಯ ಗರಿ, ಪ್ರಾಣಿಯ ಕೂದಲು ಇವೆಲ್ಲ ಒಂದೇ ಮೂಲದಿಂದ ಬಂದವೋ, ಬೇರೆಬೇರೆಯಾಗಿ ಹುಟ್ಟಿಕೊಂಡವೋ ಎಂಬ ವಾದ ಜೀವವಿಜ್ಞಾನದಲ್ಲಿ ಬಹುಕಾಲ ಬಗೆಹರಿದಿರಲಿಲ್ಲ. ಜಿನೀವಾ ವಿಶ್ವವಿದ್ಯಾಲಯದ ನಿಕೊಲಾ ಡಿ-ಪೊಯಿ ಮತ್ತು ಮಿಶೆಲ್ ಮಿಲಿಂಕೊವಿಚ್ 2016ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಸಿಲ್ಕ್‌ಬ್ಯಾಕ್‌ನಂಥ ಹಲ್ಲಿಗಳನ್ನೇ ಪರೀಕ್ಷಿಸಿದರು. ಕೂದಲಾಗಲಿ ಗರಿಯಾಗಲಿ ಮೂಡುವ ಮೊದಲು ಭ್ರೂಣದ ಚರ್ಮದಲ್ಲಿ ಪುಟ್ಟ ದಪ್ಪಗಟ್ಟಿದ ಚುಕ್ಕೆಯೊಂದು ಏಳುತ್ತದೆ. ಹುರುಪೆಯೂ ಅಂಥದೇ ಚುಕ್ಕೆಯಿಂದ ಮೂಡುತ್ತದೆ ಎಂದು ಅವರು ಕಂಡರು. ಬೋಳು ಹಲ್ಲಿಯಲ್ಲಿ ಆ ಚುಕ್ಕೆ ಏಳುವುದೇ ಇಲ್ಲ, ಅದರಲ್ಲಿ ಕೆಟ್ಟಿದ್ದ ಜೀನ್ ಇಡಿಎ. ಇದೇ ಇಡಿಎ ಮನುಷ್ಯರಲ್ಲೂ ಇದೆ. ಸುಮಾರು 32 ಕೋಟಿ ವರ್ಷಗಳ ಹಿಂದಿನ ಯಾವುದೋ ಪೂರ್ವಜ ಜೀವಿಯಿಂದ ನಮಗೂ ಹಲ್ಲಿಗೂ ಬಂದ ಪಿತ್ರಾರ್ಜಿತ ಅದು.

ಮನುಷ್ಯರಲ್ಲಿ ಆ ಜೀನ್ ಕೆಟ್ಟರೆ ಏನಾಗುತ್ತದೆ? ಅದಕ್ಕೆ ದಾಖಲೆಯಿದೆ, ಅದೂ ನಮ್ಮ ಉಪಖಂಡದ್ದೇ. 1868ರಲ್ಲಿ ಚಾರ್ಲ್ಸ್ ಡಾರ್ವಿನ್ ಸಾಕುಪ್ರಾಣಿ ಮತ್ತು ಸಾಕುಗಿಡಗಳ ತಳಿವೈವಿಧ್ಯದ ಬಗ್ಗೆ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದ. ಪಾರಿವಾಳ ಸಾಕುವ ಹುಚ್ಚು ಸ್ವತಃ ಅವನಿಗೂ ಇತ್ತು. ಕೂದಲಿಲ್ಲದ ನಾಯಿಗಳಿಗೆ ಹಲ್ಲೂ ಕಡಿಮೆ ಎಂಬಂಥ ಉದಾಹರಣೆಗಳ ನಡುವೆ, ಆ ಗ್ರಂಥದ ಎರಡನೇ ಆವೃತ್ತಿಯಲ್ಲಿ, ಅವನು ಸಿಂಧ್ ಪ್ರಾಂತ್ಯದ ಒಂದು ಹಿಂದೂ ಕುಟುಂಬವನ್ನು ತರುತ್ತಾನೆ. ನಾಲ್ಕು ತಲೆಮಾರುಗಳಲ್ಲಿ ಹತ್ತು ಗಂಡಸರಿಗೆ ಕೆಲವೇ ಹಲ್ಲು, ಅವೂ ಸಣ್ಣವು. ಮೈಮೇಲೆ ಕೂದಲು ತೀರ ಕಡಿಮೆ, ತಲೆ ಬೇಗ ಬೋಳು. ಬೇಸಿಗೆ ಬಂದರೆ ಚರ್ಮ ಒಣಗಿ ಬಹಳ ಸಂಕಟ. ಹೆಣ್ಣುಮಕ್ಕಳಲ್ಲಿ ಯಾರಿಗೂ ಇದಿಲ್ಲ, ಆದರೆ ಅವರ ಮೂಲಕ ಮೊಮ್ಮಕ್ಕಳಿಗೆ ಹರಿಯುತ್ತದೆ. ಈ ಲಕ್ಷಣಗಳನ್ನು ಓದಿದ ವೈದ್ಯರು ಇದನ್ನು ಇಡಿಎ ಕೆಟ್ಟಾಗ ಬರುವ, ಬೆವರುಗ್ರಂಥಿಗಳೇ ಸರಿಯಾಗಿ ಬೆಳೆಯದ ಕಾಯಿಲೆಯೆಂದು ಗುರುತಿಸುತ್ತಾರೆ.

ಒಣಗುವ ಚರ್ಮ, ಬಿಸಿ ತಾಳದ ಮೈ. ಸಿಂಧ್‌ನ ಆ ಗಂಡಸರಿಗೂ ಗಾಜಿನ ಪೆಟ್ಟಿಗೆಯ ಸಿಲ್ಕ್‌ಬ್ಯಾಕ್‌ಗೂ ಕೆಟ್ಟದ್ದು ಒಂದೇ ಜೀನ್. ಆ ಮನೆಯಲ್ಲಿ ಅದು ತಲೆಮಾರುಗಳ ನೋವು. ಮಕ್ಕಳಿಗೆ ಬಾರದಿರಲಿ ಎಂದು ಯಾರಾದರೂ ಬೇಡಿಕೊಳ್ಳುವಂಥದ್ದು. ಪೆಟ್ಟಿಗೆಯಲ್ಲಿ ಅದು ಹೆಚ್ಚಿನ ಬೆಲೆಯ ತಳಿ. ಮರಿಗಳಿಗೆ ಬರಲಿ ಎಂದು ಜೋಡಿ ಕಟ್ಟುವಂಥದ್ದು. ಈ ವ್ಯತ್ಯಾಸ ಬಂದದ್ದು ಎಲ್ಲಿಂದ? ಮನುಷ್ಯನ ಚರ್ಮದ ಬಗ್ಗೆ ತೀರ್ಪು ಹೇಳುವವನು ಆ ಚರ್ಮದ ಒಳಗಿದ್ದಾನೆ. ಹಲ್ಲಿಯ ಚರ್ಮದ ಬಗ್ಗೆ ತೀರ್ಪು ಹೇಳುವವರು ಅದರ ಹೊರಗಿದ್ದಾರೆ. ಒಳಗಿನವನಿಗೆ ತಿಳಿಯುವುದು ಉರಿ, ಹೊರಗಿನವರಿಗೆ ಕಾಣುವುದು ಹೊಳಪು.

ಇದಕ್ಕೆ ಉತ್ತರವಾಗಿ, ಚೆನ್ನಾಗಿ ನೋಡಿಕೊಂಡರೆ ಸಿಲ್ಕ್‌ಬ್ಯಾಕ್ ಕೂಡ ವರ್ಷಗಟ್ಟಲೆ ಬದುಕುತ್ತದೆ, ಅಕ್ಕರೆಯಿಂದ ಸಾಕುವವರಿದ್ದಾರೆ ಎನ್ನುವವರುಂಟು. ಮಾತು ಸುಳ್ಳಲ್ಲ. ಅಂಥವರ ಮನೆ ಸೇರಿದ ಹಲ್ಲಿಯ ಪುಣ್ಯ ದೊಡ್ಡದು. ಆದರೆ ಹುಟ್ಟಿಬಂದ ಜೀವವನ್ನು ಅಕ್ಕರೆಯಿಂದ ನೋಡಿಕೊಳ್ಳುವುದು ಒಂದು, ಅಕ್ಕರೆ ಬೇಕಾಗುವಂತೆಯೇ ಜೀವವನ್ನು ಹುಟ್ಟಿಸುವುದು ಇನ್ನೊಂದು. ಮೊದಲನೆಯದು ಕರುಣೆ. ಎರಡನೆಯದರಲ್ಲಿ ನಮ್ಮ ಕರುಣೆಗೆ ಬೇಕಾದ ಗಾಯವನ್ನು ನಾವೇ ಮಾಡಿರುತ್ತೇವೆ. ಆನುವಂಶಿಕ ಲಕ್ಷಣದಿಂದ ಮರಿಗೆ ನೋವು, ಸಂಕಟ ಆಗುತ್ತದೆಂದು ನಿರೀಕ್ಷಿಸಬಹುದಾದಾಗ ತಳಿ ಬೆಳೆಸುವುದನ್ನು ಜರ್ಮನಿಯ ಪ್ರಾಣಿ ಕಲ್ಯಾಣ ಕಾಯ್ದೆಯ 11ಬಿ ಕಲಮು ನಿಷೇಧಿಸುತ್ತದೆ. ಆ ಕಾನೂನು ಪ್ರಾಣಿಯ ಚಂದವನ್ನು ಬಿಟ್ಟು ಅದರ ಸಂಕಟವನ್ನು ಅಳತೆಗೋಲು ಮಾಡಿಕೊಂಡಿದೆ.

ಹಾಗಾದರೆ ಗೆರೆ ಎಳೆಯುವುದೆಲ್ಲಿ? ನೋಡಲು ಹೇಗಿದೆ ಎಂಬುದನ್ನು ಬದಲಿಸುವುದಕ್ಕೂ, ಬದುಕಲು ಏನು ಬಲ್ಲದು ಎಂಬುದನ್ನು ಕಿತ್ತುಕೊಳ್ಳುವುದಕ್ಕೂ ನಡುವೆ ಎನ್ನಬಹುದು. ಆದರೆ ಬೆಳಗಿನ ಬಿಸಿಲಿಗೆ ಕಪ್ಪಾಗುವ ಬೆನ್ನನ್ನು ನೆನೆದರೆ ಈ ಗೆರೆಯೂ ಅಷ್ಟು ಗಟ್ಟಿಯಲ್ಲ. ಈ ಪ್ರಾಣಿಗೆ ಬಣ್ಣವೂ ಒಂದು ಬಲ್ಲತನವೇ. ಕಪ್ಪು ವರ್ಣಕವನ್ನು ತಗ್ಗಿಸಿದಾಗ ನಾವು ಬಣ್ಣ ಬದಲಿಸಿದ್ದಲ್ಲದೆ, ಬಿಸಿಲನ್ನು ಅಳೆಯುವ, ಎದುರಾಳಿಗೆ ಉತ್ತರಿಸುವ ಸಾಧನಕ್ಕೂ ಕೈ ಹಚ್ಚಿರುತ್ತೇವೆ. ದೀಪ ಉರಿಯುವವರೆಗೆ ಆ ಸಾಧನದ ಅಗತ್ಯ ಬೀಳುವುದಿಲ್ಲ ನಿಜ. ಆದರೆ ದೀಪ ಉರಿಸುವ ಹೊಣೆ ಅಲ್ಲಿಂದ ಮುಂದೆ ನಮ್ಮದು.

ಸಾಕುವುದು ಎಂದರೆ ಬಹುಶಃ ಇದೇ. ಪ್ರಾಣಿಯಿಂದ ಒಂದೊಂದೇ ಕೆಲಸವನ್ನು ಇಸಿದುಕೊಂಡು ನಮ್ಮ ಹೆಗಲಿಗೆ ಹಾಕಿಕೊಳ್ಳುವುದು. ಶಾಖ ಕೊಡುವುದು, ಹದ್ದಿನಿಂದ ಕಾಯುವುದು, ಆಹಾರ ತಂದಿಡುವುದು ಇವನ್ನು ನಾವು ಹೊರಬಲ್ಲೆವು, ಹೊತ್ತಿದ್ದೇವೆ. ಚರ್ಮ ಮಾಡುವ ಕೆಲಸವನ್ನು ಮಾತ್ರ ಹೊರಲಾರೆವು. ಮುಲಾಮು ಎಷ್ಟು ಸವರಿದರೂ ಅದು ಹುರುಪೆಯಾಗದು. ನಾವು ಹೊರಲಾಗದ್ದನ್ನು ಇನ್ನೊಂದು ಜೀವದಿಂದ ಇಸಿದುಕೊಳ್ಳುವ ಹಕ್ಕು ನಮಗಿಲ್ಲ. ಆ ಹಲ್ಲಿಯನ್ನು ಎಷ್ಟು ಪ್ರೀತಿಸುತ್ತೇವೆ ಎಂಬುದು ಆಮೇಲಿನ ಮಾತು.